ಕಲ್ಯಾಣಿಗೆ ಮೆಟ್ಟಿಲಿದೆ, ಕಡಲಿಗೆ?

ಇವತ್ತಿನ ಮಾತು ಒಂದು ಫೋನ್ ಕರೆಯಿಂದ ಶುರುವಾಗುತ್ತೆ.

ಹಳೇಬೀಡಿನ ಪಕ್ಕದಲ್ಲಿ ಹುಲಿಕೆರೆ ಅಂತ ಒಂದು ಊರಿದೆ. ಬೇಲೂರು, ಹಳೇಬೀಡು ನೋಡೋಕೆ ಬರೋ ಹೆಚ್ಚಿನವರು ಆ ಕಡೆ ತಲೆ ಹಾಕೋದಿಲ್ಲ. ಹೊಯ್ಸಳೇಶ್ವರನ ಮುಂದೆ ಫೋಟೊ ತೆಗೆಸಿಕೊಂಡು ಬಸ್ ಹತ್ತಿಬಿಡ್ತಾರೆ. ಆದರೆ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಒಂದು ಕಲ್ಯಾಣಿ ಇದೆ. ಚೌಕಾಕಾರ. ನೀರಿನವರೆಗೂ ಕಲ್ಲಿನ ಮೆಟ್ಟಿಲು. ಸುತ್ತಲೂ ಪುಟ್ಟ ಪುಟ್ಟ ಗುಡಿಗಳು. ನೋಡಿದರೆ ಕಣ್ಣು ತುಂಬುತ್ತೆ.

ಆ ಊರಿನ ಹಿರಿಯರೊಬ್ಬರು ಫೋನ್ ಮಾಡಿದ್ದರು. ನನಗೆ ಊರಿನ ವರಸೆಯಲ್ಲಿ ಮಾವ ಆಗಬೇಕು. "ಈ ಸಲ ನಮ್ಮ ಬೀದಿಯವರೆಲ್ಲ ಬಸ್ ಮಾಡ್ಕೊಂಡು ಹೊರಟಿದ್ದೀವಿ ಕಣಪ್ಪಾ. ಇಡಗುಂಜಿ, ಮುರುಡೇಶ್ವರ, ಗೋಕರ್ಣ. ಆಮೇಲೆ ಕಾರವಾರದ ಹತ್ರ ಸಮುದ್ರದ ನಡುವೆ ದ್ವೀಪದಲ್ಲಿ ಜಾತ್ರೆ ನಡೀತದಂತಲ್ಲ, ಅದನ್ನೂ ನೋಡ್ಕೊಂಡು ಬರೋಣ ಅಂತ. ಹೆಂಗಸರು, ಮಕ್ಕಳು ಎಲ್ಲ ಬರ್ತಾರೆ. ಈಜು ಬರೋರು ಇಬ್ರೋ ಮೂವರೋ ಅಷ್ಟೇ. ಹೋಗೋದಾ, ಬ್ಯಾಡ್ವಾ? ನೀನು ಟೀವಿಯವನು, ಹೇಳು."

ಹೋಗಿ ಅಂತಲೋ ಬೇಡ ಅಂತಲೋ ಒಂದೇ ಮಾತಿನಲ್ಲಿ ಹೇಳಿ ಫೋನ್ ಇಡಬಹುದಿತ್ತು. ಇಡಲಿಲ್ಲ. ಯಾಕೆ ಅಂದ್ರೆ ಇದು ಒಬ್ಬ ಮಾವನ ಪ್ರಶ್ನೆ ಅಲ್ಲ. ಹಾಸನ, ಹಾವೇರಿ, ದಾವಣಗೆರೆ, ಚಿತ್ರದುರ್ಗ, ಹೀಗೆ ಬಯಲುಸೀಮೆಯಿಂದ ಕರಾವಳಿಗೆ ಹೊರಡೋ ಪ್ರತಿ ಬಸ್ಸಿನ ಪ್ರಶ್ನೆ. ಅದಕ್ಕೆ ಪೂರ್ತಿ ಉತ್ತರ ಕೊಡೋಣ.

ಮೊದಲು ಆ ಜಾತ್ರೆ ಏನು ಅಂತ ತಿಳಿಯೋಣ. ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾಳಿ ನದಿ ಹುಟ್ಟಿ, ದಾಂಡೇಲಿ ಕಾಡು ದಾಟಿ, ಕಾರವಾರದ ಕೋಡಿಬಾಗದ ಹತ್ತಿರ ಅರಬ್ಬೀ ಸಮುದ್ರ ಸೇರುತ್ತೆ. ನದಿಯ ಆ ಬಾಯಿಯಿಂದ ಸ್ವಲ್ಪ ದೂರ ಸಮುದ್ರದೊಳಗೆ ಒಂದು ಗುಡ್ಡ ಎದ್ದು ನಿಂತಿದೆ. ದೂರದಿಂದ ನೋಡಿದರೆ ನೀರಿನ ಮೇಲೆ ಬೆನ್ನು ಬಿಟ್ಟು ಮಲಗಿದ ಆಮೆ. ಅದಕ್ಕೇ ಹೆಸರು ಕೂರ್ಮಗಡ. ಆ ಗುಡ್ಡದ ಮೇಲೆ ನರಸಿಂಹ ದೇವರ ಗುಡಿ ಇದೆ. ವರ್ಷಕ್ಕೊಮ್ಮೆ ಪುಷ್ಯ ಮಾಸದ ಹುಣ್ಣಿಮೆಗೆ, ಅಂದರೆ ನಮ್ಮ ಜನ ಬನದ ಹುಣ್ಣಿಮೆ ಅಂತ ಕರೀತಾರಲ್ಲ ಆ ದಿನ, ಅಲ್ಲಿ ಜಾತ್ರೆ. ಅವತ್ತು ಕಾರವಾರದ ಮೀನುಗಾರರಿಗೆ ಹಬ್ಬ. ಬಲೆಯ ಕೆಲಸಕ್ಕೆ ರಜೆ. ಉಳಿದ ದಿನ ಮೀನು ಹೊತ್ತ ದೋಣಿ ಅವತ್ತು ತೊಳೆದು, ತೋರಣ ಕಟ್ಟಿಕೊಂಡು, ಬಾವುಟ ಏರಿಸಿಕೊಂಡು ಭಕ್ತರನ್ನ ಹೊರುತ್ತೆ.

ನಾನೂ ಒಮ್ಮೆ ಕ್ಯಾಮೆರಾದವರ ಜೊತೆ ಹೋಗಿದ್ದೆ. ಬೆಳಗ್ಗೆ ದಡಕ್ಕೆ ಬಂದರೆ ಮೊದಲು ಕಾಣೋದೇ ಬಾಳೆಗೊನೆ. ಹೆಗಲ ಮೇಲೆ ಬಾಳೆಗೊನೆ, ತಲೆ ಮೇಲೆ ಬಾಳೆಗೊನೆ, ಸ್ಕೂಟರಿನ ಹಿಂದೆ ಕಟ್ಟಿದ ಬಾಳೆಗೊನೆ. ಈ ನರಸಿಂಹನಿಗೆ ಹರಕೆ ಅಂದ್ರೆ ಬಾಳೆಗೊನೆಯೇ. ಮಗುವಾದರೆ ಒಂದು ಗೊನೆ. ಹೊಸ ದೋಣಿ ನೀರಿಗಿಳಿದರೆ ಒಂದು ಗೊನೆ. ಮಳೆಗಾಲದ ಬಿರುಗಾಳಿಗೆ ಸಿಕ್ಕವನು ಜೀವ ಉಳಿಸಿಕೊಂಡು ಮನೆಗೆ ಬಂದರೆ ಒಂದು ಗೊನೆ. ಕೊಂಕಣಿ ಒಂದು ಕಿವಿಗೆ, ಕನ್ನಡ ಒಂದು ಕಿವಿಗೆ. ಗೋವಾ ಕಡೆಯಿಂದ ಬಂದವರು ಬೇರೆ.

ದೋಣಿ ದ್ವೀಪ ಮುಟ್ಟಿದ ಮೇಲೆ ಗುಡ್ಡ ಹತ್ತಬೇಕು. ಗೊನೆ ಹೊತ್ತುಕೊಂಡು ಮುದುಕರೂ ಹತ್ತುತ್ತಾರೆ. ಮೇಲೆ ಗುಡಿ, ಸಾಲು, ಗಂಟೆ, ತೆಂಗಿನಕಾಯಿ, ಪ್ರಸಾದ. ತಿರುಗಿ ನೋಡಿದರೆ ಮೂರು ಕಡೆ ನೀರು, ಒಂದು ಕಡೆ ಸದಾಶಿವಗಡದ ಗುಡ್ಡ, ಅದರ ಹಿಂದೆ ಸಹ್ಯಾದ್ರಿ. ನಿಜ ಹೇಳ್ತೀನಿ, ಅಂಥ ಜಾತ್ರೆ ನಾನು ಬೇರೆಲ್ಲೂ ನೋಡಿಲ್ಲ. ತೇರು ಇಲ್ಲದ ಜಾತ್ರೆ. ದೋಣಿಗಳೇ ಅಲ್ಲಿ ತೇರು.

ಆದ್ದರಿಂದ ಮಾವನಿಗೆ "ಅಲ್ಲಿ ಏನೂ ಇಲ್ಲ, ಹೋಗಬೇಡಿ" ಅಂತ ಹೇಳೋಕೆ ನನ್ನಿಂದ ಆಗೋದಿಲ್ಲ. ಅದು ಸುಳ್ಳಾಗುತ್ತೆ.

ಈಗ ಇನ್ನೊಂದು ಸತ್ಯಕ್ಕೆ ಬರೋಣ.

2019ರ ಜನವರಿ 21. ಸೋಮವಾರ. ಅದೇ ಕೂರ್ಮಗಡ, ಅದೇ ಜಾತ್ರೆ. ಮಧ್ಯಾಹ್ನದ ಹೊತ್ತಿಗೆ ದರ್ಶನ ಮುಗಿಸಿ ದಡಕ್ಕೆ ಮರಳುತ್ತಿದ್ದ ಒಂದು ದೋಣಿ ಅಲೆಗೆ ಸಿಕ್ಕಿ ಮಗುಚಿತು. ಅದರಲ್ಲಿ ಮೂವತ್ತಕ್ಕೂ ಹೆಚ್ಚು ಜನ ಇದ್ದರು. ಸತ್ತವರು 16 ಮಂದಿ. ಅವರಲ್ಲಿ ಮಕ್ಕಳಿದ್ದರು. ಹಾವೇರಿ ಜಿಲ್ಲೆಯಿಂದ ಬಂದಿದ್ದ ಒಂದೇ ಕುಟುಂಬದ ಹಲವರಿದ್ದರು. ನೌಕಾಪಡೆ, ಕರಾವಳಿ ಕಾವಲು ಪಡೆ, ಸ್ಥಳೀಯ ಮೀನುಗಾರರು ಎಲ್ಲ ಸೇರಿ ಹುಡುಕಿದರು. ಕೆಲವು ದೇಹಗಳು ಸಿಗೋಕೆ ದಿನಗಳೇ ಹಿಡಿದವು. ದೋಣಿಯಲ್ಲಿ ಹೆಚ್ಚು ಜನರನ್ನ ತುಂಬಿದ್ದರು, ಬಹುತೇಕರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ ಅಂತ ಆಗ ಎಲ್ಲ ಕಡೆ ವರದಿಯಾಯಿತು.

ನಾವು ಟೀವಿಯವರು ಅವತ್ತು ಏನು ಮಾಡಿದೆವು? ಎರಡು ದಿನ ಅದನ್ನೇ ತೋರಿಸಿದೆವು. ದಡದಲ್ಲಿ ಅಳೋರ ಮುಖ ತೋರಿಸಿದೆವು. ಹೊಣೆ ಯಾರು ಅಂತ ಕೂಗಾಡಿದೆವು. ಮೂರನೇ ದಿನ ಬೇರೆ ಸುದ್ದಿ ಬಂತು, ಅದರ ಹಿಂದೆ ಓಡಿದೆವು. ಒಂದೇ ಒಂದು ವಿಷಯ ಹೇಳೋದು ಮರೆತೆವು. ಆ ದಿನ, ಆ ಹೊತ್ತು, ಆ ಜಾಗದಲ್ಲಿ ಕಡಲು ಹೇಗಿರುತ್ತೆ ಅಂತ. ಈಗಲಾದರೂ ಹೇಳೋಣ.

ಅದಕ್ಕೂ ಮೊದಲು ನಮ್ಮ ಬಗ್ಗೆ ಒಂದು ಮಾತು. ನಾವು ಬಯಲುಸೀಮೆಯವರು ನೀರನ್ನ ಹೇಗೆ ನೋಡಿ ಬೆಳೆದವರು? ಹಳೇಬೀಡಿನ ಹಳೆ ಹೆಸರು ದೋರಸಮುದ್ರ. ಸಮುದ್ರ ಎಲ್ಲಿದೆ ಅಲ್ಲಿ? ಕೆರೆ ಇದೆ. ನಮ್ಮ ಹಿರಿಯರು ದೊಡ್ಡ ಕೆರೆ ಕಟ್ಟಿ ಅದನ್ನೇ ಸಮುದ್ರ ಅಂತ ಕರೆದರು. ತಪ್ಪಿಲ್ಲ, ಅದು ಅವರ ಹೆಮ್ಮೆ. ಆದರೆ ನಮ್ಮ ಮನಸ್ಸಿನಲ್ಲಿ ಸಮುದ್ರ ಅಂದ್ರೆ ಸ್ವಲ್ಪ ದೊಡ್ಡ ಕೆರೆ ಅಂತ ಕೂತುಬಿಟ್ಟಿದೆ.

ನಮ್ಮ ನೀರಿನ ಹಬ್ಬಗಳನ್ನೇ ನೋಡಿ. ತೆಪ್ಪೋತ್ಸವ ಮಾಡ್ತೀವಿ. ದೇವರನ್ನ ತೆಪ್ಪದ ಮೇಲೆ ಕೂರಿಸಿ ಕಲ್ಯಾಣಿಯಲ್ಲಿ ಸುತ್ತಿಸ್ತೀವಿ. ನಾಲ್ಕು ಕಡೆ ಕಲ್ಲಿನ ಗೋಡೆ. ಬಿದ್ದರೂ ಕೈಗೆ ಮೆಟ್ಟಿಲು ಸಿಗುತ್ತೆ. ಇದೇ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ. ಅಲ್ಲೂ ಗುಡಿಯ ಮುಂದೆ ಹರಿದ್ರಾ ತೀರ್ಥ. ಬಾಳೆ ದಿಂಡಿನ ತೆಪ್ಪದಲ್ಲಿ ಎಳೆಗೂಸನ್ನ ತೇಲಿಸೋ ಹರಕೆ ಅಲ್ಲಿ ಇದೆ. ಅದು ಹೊಂಡ. ನೀರು ನಿಂತಲ್ಲೇ ನಿಂತಿರುತ್ತೆ, ತೆಪ್ಪ ಹಿಡಿಯೋಕೆ ನಾಲ್ಕು ಕೈ ಇರುತ್ತೆ.

ದ್ವೀಪದ ಕ್ಷೇತ್ರ ನಮಗೆ ಗೊತ್ತಿಲ್ಲವಾ? ಗೊತ್ತು. ಶ್ರೀರಂಗಪಟ್ಟಣ ದ್ವೀಪವೇ ತಾನೇ? ಕಾವೇರಿ ಎರಡಾಗಿ ಸೀಳಿ ಮತ್ತೆ ಒಂದಾಗೋ ನಡುವಿನ ನೆಲ. 1610ರಲ್ಲಿ ರಾಜ ಒಡೆಯರು ದಸರಾ ಶುರು ಮಾಡಿದ್ದು ಆ ದ್ವೀಪದಲ್ಲೇ. ಸಂಕ್ರಾಂತಿಗೆ ಅಲ್ಲಿ ರಂಗನಾಥನಿಗೆ ಲಕ್ಷದೀಪೋತ್ಸವ. ಹಾಸನದಿಂದ, ಅರಸೀಕೆರೆಯಿಂದ ಎಷ್ಟು ಜನ ಹೋಗ್ತಾರೆ! ಆದರೆ ಸೇತುವೆ ಮೇಲೆ ಬಸ್ಸಿನಲ್ಲಿ ಹೋಗೋದರಿಂದ ಅದು ದ್ವೀಪ ಅನ್ನೋದೇ ಗೊತ್ತಾಗೋದಿಲ್ಲ. ಇನ್ನು ಸಿಗಂದೂರಿನ ಲಾಂಚ್ ಹತ್ತಿದವರು ನಮ್ಮಲ್ಲಿ ಬಹಳ ಜನ. ಶರಾವತಿಯ ಹಿನ್ನೀರಿನಲ್ಲಿ ಬಸ್ಸನ್ನೇ ಹೊತ್ತುಕೊಂಡು ಹೋಗುತ್ತಿದ್ದ ಅಗಲವಾದ ಲಾಂಚ್ ಅದು. ಲಾಂಚಿನ ಮೇಲೆ ನಿಂತು ಚುರುಮುರಿ ತಿಂದವರಿಗೆ ದೋಣಿ ಅಂದ್ರೆ ಹೀಗೇ ಅನ್ನೋ ಧೈರ್ಯ ಬಂದಿರುತ್ತೆ.

ಆ ಧೈರ್ಯ ಕಡಲಿನಲ್ಲಿ ಕೆಲಸಕ್ಕೆ ಬರೋದಿಲ್ಲ. ಯಾಕೆ ಅಂತ ನೋಡಿ.

ಹುಣ್ಣಿಮೆ, ಅಮಾವಾಸ್ಯೆಗೆ ಸಮುದ್ರ ಉಕ್ಕುತ್ತೆ ಅಂತ ನಾವೆಲ್ಲ ಕೇಳಿದ್ದೀವಿ. ಅದು ನಿಜ. ಆ ದಿನಗಳಲ್ಲಿ ಸೂರ್ಯ, ಭೂಮಿ, ಚಂದ್ರ ಹೆಚ್ಚುಕಡಿಮೆ ಒಂದೇ ಸಾಲಿಗೆ ಬರ್ತವೆ. ಇಬ್ಬರ ಸೆಳೆತವೂ ಕೂಡಿಕೊಳ್ಳುತ್ತೆ. ಭರತ ಹೆಚ್ಚು ಏರುತ್ತೆ. ಆದರೆ ನಾವು ಅರ್ಧ ಮಾತ್ರ ಕೇಳಿದ್ದೀವಿ. ಭರತ ಎಷ್ಟು ಏರುತ್ತೋ, ಇಳಿತ ಅಷ್ಟೇ ಕೆಳಗೆ ಇಳಿಯುತ್ತೆ. ಕಾರವಾರದ ಕಡೆ ಹುಣ್ಣಿಮೆಯ ದಿನ ಈ ಏರಿಳಿತದ ಅಂತರ ಹತ್ತಿರಹತ್ತಿರ ಒಬ್ಬ ಆಳಿನ ಎತ್ತರ. ಇಷ್ಟು ನೀರು ಸುಮಾರು ಆರು ಗಂಟೆಯಲ್ಲಿ ಒಳಗೆ ಬರಬೇಕು, ಮತ್ತೆ ಆರು ಗಂಟೆಯಲ್ಲಿ ಹೊರಗೆ ಹೋಗಬೇಕು. ಹಾಗಾಗಿ ಹುಣ್ಣಿಮೆಯ ದಿನ ನೀರಿನ ಓಟವೂ ಜೋರು.

ಈಗ ಜಾಗ ನೋಡಿ. ಇದು ನದಿಯ ಬಾಯಿ. ಇಳಿತದ ಹೊತ್ತಿನಲ್ಲಿ ಕಾಳಿ ನದಿಯ ನೀರೂ, ಭರತದಲ್ಲಿ ಒಳಗೆ ನುಗ್ಗಿದ್ದ ಸಮುದ್ರದ ನೀರೂ ಒಟ್ಟಾಗಿ ಹೊರಗೆ ಓಡುತ್ತೆ. ಈ ಕರಾವಳಿಯಲ್ಲಿ ಹುಣ್ಣಿಮೆ ದಿನ ಭರತ ಬರೋದು ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು. ಅಂದ್ರೆ ಮಧ್ಯಾಹ್ನದ ನಂತರ ಪೂರ್ತಿ ಇಳಿತದ ಹೊತ್ತು.

ಈಗ ಗಾಳಿ. ಜನವರಿಯಲ್ಲಿ ಬೆಳಗಿನ ಜಾವ ನೆಲದಿಂದ ಕಡಲಿಗೆ ಮೆಲ್ಲಗೆ ಗಾಳಿ ಬೀಸುತ್ತೆ. ನೀರು ಕನ್ನಡಿಯ ಹಾಗಿರುತ್ತೆ. ಬಿಸಿಲೇರಿದ ಮೇಲೆ ನೆಲ ಕಾಯುತ್ತೆ, ಗಾಳಿ ತಿರುಗುತ್ತೆ. ಮಧ್ಯಾಹ್ನದ ಹೊತ್ತಿಗೆ ಕಡಲಿನಿಂದ ನೆಲಕ್ಕೆ ಜೋರಾಗಿ ಬೀಸೋಕೆ ಶುರು. ಹಾಯಿದೋಣಿಯ ಕಾಲದ ಮೀನುಗಾರರು ಈ ಲೆಕ್ಕದಲ್ಲೇ ಬದುಕಿದವರು. ಬೆಳಗಿನ ನೆಲಗಾಳಿಗೆ ಹಾಯಿ ಬಿಚ್ಚಿ ಹೊರಗೆ ಹೋಗೋದು, ಮಧ್ಯಾಹ್ನದ ಕಡಲಗಾಳಿಗೆ ಹಾಯಿ ಕೊಟ್ಟು ಮನೆಗೆ ಬರೋದು.

ಮೂರನ್ನೂ ಕೂಡಿಸಿ. ಮಧ್ಯಾಹ್ನ ನೀರು ಹೊರಗೆ ಓಡ್ತಿದೆ. ಗಾಳಿ ಒಳಗೆ ತಳ್ತಿದೆ. ಎದುರುಬದುರು. ಹೀಗಾದಾಗ ಅಲೆ ಉದ್ದಕ್ಕೆ ಹರಡಿಕೊಳ್ಳೋದಿಲ್ಲ. ಗಿಡ್ಡವಾಗುತ್ತೆ, ಕಡಿದಾಗುತ್ತೆ, ಒಂದರ ಹಿಂದೆ ಒಂದು ಬೇಗ ಬೇಗ ಬರುತ್ತೆ. ಬೆಳಗ್ಗೆ ನೀವು ಹೋಗುವಾಗ ನೋಡಿದ ಕಡಲೇ ಬೇರೆ, ಮಧ್ಯಾಹ್ನ ಮರಳುವಾಗ ಸಿಗೋ ಕಡಲೇ ಬೇರೆ. ಜಾಗ ಅದೇ, ದೋಣಿ ಅದೇ, ಹೊತ್ತು ಬೇರೆ.

ಇನ್ನೊಂದು ವಿಷಯ. 2019ರ ಜನವರಿ 21ರ ಹುಣ್ಣಿಮೆ ಸಾಮಾನ್ಯ ಹುಣ್ಣಿಮೆ ಆಗಿರಲಿಲ್ಲ. ಅವತ್ತು ಚಂದ್ರಗ್ರಹಣ ಇತ್ತು, ನಮ್ಮ ದೇಶದಲ್ಲಿ ಕಾಣಲಿಲ್ಲ, ಯಾಕೆ ಅಂದ್ರೆ ನಮಗೆ ಹಗಲು. ಅದೇ ದಿನ ಚಂದ್ರ ಭೂಮಿಗೆ ಹತ್ತಿರ ಬಂದಿದ್ದ, ಸೂಪರ್ ಮೂನ್ ಅಂತ ನಾವೇ ಟೀವಿಯಲ್ಲಿ ಹೇಳ್ತಿದ್ದೆವು. ಚಂದ್ರ ಹತ್ತಿರ ಬಂದರೆ ಏರಿಳಿತ ಇನ್ನೂ ಹೆಚ್ಚು. ದೋಣಿ ಮುಳುಗಿದ್ದಕ್ಕೆ ಚಂದ್ರನೇ ಕಾರಣ ಅಂತ ನಾನು ಹೇಳ್ತಿಲ್ಲ. ಚಂದ್ರನ ಮೇಲೆ ಹಾಕಿ ಮನುಷ್ಯರು ಕೈ ತೊಳೆದುಕೊಳ್ಳೋ ಹಾಗಿಲ್ಲ. ನಾನು ಹೇಳೋದು ಇಷ್ಟೇ: ಈ ಜಾತ್ರೆಯ ದಿನ ಕಡಲು ಹೀಗಿರುತ್ತೆ ಅನ್ನೋದು ಗುಟ್ಟಲ್ಲ. ಪಂಚಾಂಗದಲ್ಲೇ ಬರೆದಿದೆ. ಜಾತ್ರೆ ಪ್ರತಿ ವರ್ಷ ಹುಣ್ಣಿಮೆಗೇ ಬರುತ್ತೆ. ಗ್ರಹಣದ ದಿನ ಯಾವ ರಾಶಿಗೆ ಏನು ಫಲ ಅಂತ ಗಂಟೆಗಟ್ಟಲೆ ಹೇಳೋ ನಮಗೆ, ಗ್ರಹಣದ ದಿನ ನೀರು ಎಷ್ಟು ಇಳಿಯುತ್ತೆ ಅಂತ ಒಂದು ಸಾಲು ಹೇಳೋಕೆ ಪುರುಸೊತ್ತು ಇರಲಿಲ್ಲ.

ಈಗ ದೋಣಿಯ ವಿಷಯ. ದೋಣಿ ಯಾಕೆ ಮಗುಚುತ್ತೆ? ತೂತಾಗಿಯೇ ಮುಳುಗಬೇಕು ಅಂತಿಲ್ಲ. ಗಟ್ಟಿಯಾದ ದೋಣಿಯೂ ಮಗುಚುತ್ತೆ.

ನಮ್ಮೂರಿನ ಗಾಡಿಗೆ ಹುಲ್ಲು ಹೇರೋದನ್ನ ನೆನಪು ಮಾಡಿಕೊಳ್ಳಿ. ಹೊರೆ ಎತ್ತರಕ್ಕೆ ಹೋದಷ್ಟೂ ಗಾಡಿ ಓಲಾಡುತ್ತೆ. ಒಂದು ಚಕ್ರ ಗುಂಡಿಗೆ ಇಳಿದರೆ ಸಾಕು, ಮಗುಚುತ್ತೆ. ಅದೇ ತೂಕದ ಅಕ್ಕಿ ಮೂಟೆ ಹೇರಿದರೆ ಏನೂ ಆಗೋದಿಲ್ಲ, ಭಾರ ಕೆಳಗಿರುತ್ತೆ. ದೋಣಿಯಲ್ಲಿ ಕೂತ ಮನುಷ್ಯ ಅಕ್ಕಿ ಮೂಟೆ. ಎದ್ದು ನಿಂತ ಮನುಷ್ಯ ಹುಲ್ಲಿನ ಹೊರೆ. ಇಪ್ಪತ್ತು ಜನ ಒಟ್ಟಿಗೆ ಎದ್ದು ನಿಂತರೆ ದೋಣಿಯ ಸಮತೋಲವೇ ಬದಲಾಗುತ್ತೆ. ಆ ಇಪ್ಪತ್ತು ಜನ ಫೋಟೊ ತೆಗೆಯೋಕೆ ಅಂತ ಒಂದೇ ಬದಿಗೆ ಹೋದರೆ ಇನ್ನು ಹೇಳೋದೇ ಬೇಡ.

ಎರಡನೆಯದು, ದೋಣಿಯ ಅಂಚು ನೀರಿನಿಂದ ಎಷ್ಟು ಮೇಲಿದೆ ಅನ್ನೋದು. ಖಾಲಿ ದೋಣಿಯ ಅಂಚು ನೀರಿನಿಂದ ಚೆನ್ನಾಗಿ ಮೇಲಿರುತ್ತೆ. ಜನ ಹತ್ತಿದಂತೆ ದೋಣಿ ಕೆಳಗೆ ಕೂರುತ್ತೆ, ಅಂಚು ನೀರಿಗೆ ಹತ್ತಿರವಾಗುತ್ತೆ. ಹೆಚ್ಚು ಜನರನ್ನ ತುಂಬಬಾರದು ಅನ್ನೋದು ಭಾರಕ್ಕೆ ದೋಣಿ ಮುರಿಯುತ್ತೆ ಅಂತ ಅಲ್ಲ. ಅಂಚು ತಗ್ಗಿದಾಗ ಸಣ್ಣ ಅಲೆಯೂ ಒಳಗೆ ಬರುತ್ತೆ ಅಂತ. ಒಳಗೆ ಬಂದ ನೀರು ಸುಮ್ಮನೆ ಕೂರೋದಿಲ್ಲ. ಒಂದು ಅಗಲವಾದ ತಟ್ಟೆಯಲ್ಲಿ ನೀರು ಹಾಕಿ ಎತ್ತಿಕೊಂಡು ನಡೆದು ನೋಡಿ. ತಟ್ಟೆ ಸ್ವಲ್ಪ ಓರೆಯಾದರೆ ನೀರೆಲ್ಲ ಅದೇ ಕಡೆಗೆ ಓಡುತ್ತೆ, ತಟ್ಟೆ ಇನ್ನೂ ಓರೆಯಾಗುತ್ತೆ. ದೋಣಿಯಲ್ಲೂ ಅದೇ. ಕಾಲು ಒದ್ದೆಯಾಯ್ತು ಅಂತ ಜನ ಹೆದರಿ ಎದ್ದು ನಿಲ್ತಾರೆ. ಅಲ್ಲಿಗೆ ಮುಗೀತು.

ಇದು ಬರೀ ಕಾರವಾರದ ಕಥೆಯಾ? 2009ರ ಸೆಪ್ಟೆಂಬರ್ 30, ಕೇರಳದ ತೇಕ್ಕಡಿ. ಪ್ರವಾಸಿಗರ ದೋಣಿ. ದಡದಲ್ಲಿ ಕಾಡುಪ್ರಾಣಿ ಕಾಣಿಸ್ತು ಅಂತ ಜನ ಒಂದೇ ಬದಿಗೆ ಬಂದರು. 45 ಜನ ಸತ್ತರು. 2023ರ ಮೇ 7, ಕೇರಳದ್ದೇ ತಾನೂರು. ಮಿತಿಗಿಂತ ಹೆಚ್ಚು ಜನ. 22 ಸಾವು. 2024ರ ಜನವರಿ 18, ಗುಜರಾತಿನ ವಡೋದರದ ಹರ್ಣಿ ಕೆರೆ. ಶಾಲೆಯ ಪ್ರವಾಸ. 12 ಮಕ್ಕಳು, ಇಬ್ಬರು ಶಿಕ್ಷಕಿಯರು. ಗಮನಿಸಿ, ತೇಕ್ಕಡಿ ಅಣೆಕಟ್ಟಿನ ಹಿನ್ನೀರು, ಹರ್ಣಿ ಊರೊಳಗಿನ ಕೆರೆ. ಅಲೆಯೇ ಇಲ್ಲದ ನೀರಿನಲ್ಲೇ ಹೀಗಾದರೆ, ಹುಣ್ಣಿಮೆಯ ಮಧ್ಯಾಹ್ನದ ನದಿಬಾಯಿಯಲ್ಲಿ ಏನಾಗಬಹುದು?

ಈಗ ನೀವು ಕೇಳಬಹುದು. ಹಾಗಾದರೆ ಇಷ್ಟು ವರ್ಷ ಈ ಜಾತ್ರೆ ಹೇಗೆ ನಡೆದುಕೊಂಡು ಬಂತು? ಒಳ್ಳೆಯ ಪ್ರಶ್ನೆ. ಉತ್ತರ ಆ ಜಾತ್ರೆಯ ಸ್ವಭಾವದಲ್ಲೇ ಇದೆ.

ಇದು ಮೂಲದಲ್ಲಿ ಕಡಲಿನ ಜನರ ಜಾತ್ರೆ. ದೋಣಿ ನಡೆಸೋನೂ ಮೀನುಗಾರ, ದೋಣಿಯಲ್ಲಿ ಕೂತವನೂ ಮೀನುಗಾರ, ಪಕ್ಕದಲ್ಲಿ ಗೊನೆ ಹಿಡಿದು ಕೂತ ಹೆಂಗಸು ಮೀನುಗಾರನ ಮನೆಯವಳು. ಎಲ್ಲಿ ಕೂರಬೇಕು, ಯಾವಾಗ ಏಳಬಾರದು, ಯಾವ ಹೊತ್ತಿಗೆ ಹೊರಡಬೇಕು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಅದು ಅವರ ಮೈಗೆ ಗೊತ್ತಿತ್ತು. ಹರಕೆಯ ಜೊತೆಗೆ ಆ ಅರಿವೂ ದೋಣಿ ಹತ್ತುತ್ತಿತ್ತು.

ಈಗ ಏನಾಗಿದೆ? ಹೆದ್ದಾರಿ ಬಂತು, ಕಾರು ಬಂತು, ಮೊಬೈಲಿನಲ್ಲಿ ವಿಡಿಯೊ ಬಂತು. ಡ್ರೋನ್ ಹಾರಿಸಿ ಆ ಆಮೆಯ ಬೆನ್ನಿನ ಮೇಲಿನ ಗುಡಿಯನ್ನ ನಾವೇ ಟೀವಿಯಲ್ಲಿ ತೋರಿಸಿದೆವು. ಹಾವೇರಿಯವರು ಬಂದರು, ಹುಬ್ಬಳ್ಳಿಯವರು ಬಂದರು, ನಾಳೆ ಹುಲಿಕೆರೆಯವರು ಬರ್ತಾರೆ. ಬರಬೇಕು, ಜಾತ್ರೆ ಯಾರೊಬ್ಬರ ಆಸ್ತಿಯೂ ಅಲ್ಲ. ಆದರೆ ಹೊಸಬರು ಬಾಳೆಗೊನೆಯ ಪದ್ಧತಿ ಕಲಿತರು, ದೋಣಿಯ ಪದ್ಧತಿ ಕಲಿಯಲಿಲ್ಲ. ಅರಿವು ಇಲ್ಲದ ಕಡೆ ಅದರ ಜಾಗಕ್ಕೆ ನಿಯಮ ಬರಬೇಕು. ಲೈಫ್ ಜಾಕೆಟ್ಟು, ಜನರ ಲೆಕ್ಕ, ಹೊತ್ತಿನ ಮಿತಿ, ಇವೆಲ್ಲ ಸರ್ಕಾರದ ಕಿರಿಕಿರಿ ಅಲ್ಲ. ಮೀನುಗಾರನ ಮೈಯಲ್ಲಿರೋ ಅರಿವನ್ನ ನಮ್ಮಂಥ ತಿಳಿಯದವರಿಗೆ ಬರೆದು ಕೊಟ್ಟಿರೋದು, ಅಷ್ಟೇ.

ಪಕ್ಕದ ಗೋವಾದಲ್ಲಿ ಮಾಂಡೋವಿ ನದಿಯ ನಡುವೆ ದಿವಾರ್ ಅಂತ ದ್ವೀಪ ಇದೆ. ಆಗಸ್ಟ್ ತಿಂಗಳ ನಾಲ್ಕನೇ ಶನಿವಾರ ಅಲ್ಲಿ ಬೊಂದೆರಾ ಅನ್ನೋ ಹಬ್ಬ. ಪೋರ್ಚುಗೀಸರ ಕಾಲದಲ್ಲಿ ಎರಡು ಕೇರಿಗಳ ಗಡಿ ಜಗಳಕ್ಕೆ ಅಧಿಕಾರಿಗಳು ಬಾವುಟ ನೆಟ್ಟರು, ಜನ ಅದನ್ನ ಕಲ್ಲು ಹೊಡೆದು ಉರುಳಿಸಿದರು. ಆ ನೆನಪಿಗೆ ಇವತ್ತು ಬಾವುಟಗಳ ಮೆರವಣಿಗೆ, ವೇಷ, ಬ್ಯಾಂಡು, ಕುಣಿತ. ಹೊರಗಿನವರು ಸಾವಿರಾರು ಜನ ಸೇರ್ತಾರೆ. ದಾಟೋದು ಹೇಗೆ? ಸರ್ಕಾರದ ಫೆರಿಯಲ್ಲಿ. ವರ್ಷದ ಎಲ್ಲ ದಿನವೂ ಓಡೋ ಅಗಲವಾದ ಫೆರಿ, ಹಬ್ಬದ ದಿನವೂ ಅದೇ. ಅಲ್ಲಿ ನದಿ, ಇಲ್ಲಿ ಕಡಲು, ಹೋಲಿಕೆ ಪೂರ್ತಿ ಸರಿಯಲ್ಲ, ಒಪ್ಪುತ್ತೇನೆ. ಆದರೆ ಒಂದು ಪಾಠ ಇದೆ. ಅಲ್ಲಿ ಜನರನ್ನ ದಾಟಿಸೋದು ದಿನಾ ಅದೇ ಕೆಲಸ ಮಾಡೋ ವ್ಯವಸ್ಥೆ. ನಮ್ಮಲ್ಲಿ ವರ್ಷಕ್ಕೊಂದು ದಿನ, ಮೀನು ಹಿಡಿಯೋಕೆ ಮಾಡಿದ ದೋಣಿ ಇದ್ದಕ್ಕಿದ್ದಂತೆ ಬಸ್ಸಾಗುತ್ತೆ.

ಇದರಲ್ಲಿ ಮೀನುಗಾರರನ್ನ ಖಳನಾಯಕ ಮಾಡೋದು ನನಗೆ ಇಷ್ಟವಿಲ್ಲ. ಯಾವ ದೋಣಿ ಮುಳುಗಿದರೂ ಮೊದಲು ಓಡಿ ಬರೋನು ಪಕ್ಕದ ದೋಣಿಯ ಮೀನುಗಾರನೇ. ನೌಕಾಪಡೆ ಬರೋಕೆ ಹೊತ್ತು ಬೇಕು, ಅವನಿಗೆ ಬೇಡ. ತಪ್ಪು ಎಲ್ಲಿ ಹುಟ್ಟುತ್ತೆ ಗೊತ್ತಾ? ಮರಳೋ ಹೊತ್ತಿನಲ್ಲಿ. ಹೋಗುವಾಗ ಜನ ಬೆಳಗಿನಿಂದ ಸ್ವಲ್ಪ ಸ್ವಲ್ಪ ಹೋಗ್ತಾರೆ. ಬರುವಾಗ ಎಲ್ಲರಿಗೂ ಒಂದೇ ಸಲ ಬರಬೇಕು. ಬಸ್ಸಿನ ಡ್ರೈವರ್ ಕಾಯ್ತಿದ್ದಾನೆ, ಮಗುವಿಗೆ ಹಸಿವು, ಮುಂದಿನ ಊರು ತಲುಪಬೇಕು. "ಇನ್ನಿಬ್ಬರು ತಾನೇ, ಹತ್ತಿಸ್ಕೊಳ್ರಪ್ಪಾ" ಅಂತ ಒತ್ತಾಯ ಮಾಡೋರು ನಾವೇ. ದೋಣಿಯವನು ಬೇಡ ಅಂದರೆ ಅವನ ಮೇಲೇ ರೇಗೋರೂ ನಾವೇ. "ಒಂದೇ ಮನೆಯವರು, ಬೇರೆ ಮಾಡಬೇಡಿ" ಅಂತೀವಿ. ಹೌದು, ಒಂದೇ ಮನೆಯವರು ಒಂದೇ ದೋಣಿಯಲ್ಲಿ ಕೂತರೆ ಏನಾಗುತ್ತೆ ಅನ್ನೋದನ್ನ 2019 ತೋರಿಸಿದೆ.

ಆ ದುರಂತದ ನಂತರ ಜಾತ್ರೆಗೆ ಲೈಫ್ ಜಾಕೆಟ್ ಕಡ್ಡಾಯ ಅಂತ ಮಾಡಿದರು. ಒಳ್ಳೆಯದು. ಆದರೆ ಕಡ್ಡಾಯ ಅನ್ನೋ ಪದ ನಮ್ಮ ದೇಶದಲ್ಲಿ ಹೇಗೆ ಬದುಕುತ್ತೆ ಅಂತ ನಿಮಗೆ ಗೊತ್ತಿದೆ. ಹೆಲ್ಮೆಟ್ಟೂ ಕಡ್ಡಾಯ. ಪೊಲೀಸಿನವರು ಕಾಣೋವರೆಗೆ ಅದು ಕೈಗೆ ನೇತಾಡ್ತಿರುತ್ತೆ. ಜಾಕೆಟ್ ಹಾಕಿಕೊಂಡರೆ ಸೀರೆ ಕಾಣೋದಿಲ್ಲ, ಫೋಟೊ ಚೆನ್ನಾಗಿ ಬರೋದಿಲ್ಲ, ಸೆಕೆ. ತೆಗೆದು ತೊಡೆ ಮೇಲೆ ಇಟ್ಟುಕೊಳ್ತೀವಿ, ಇಲ್ಲಾ ಅದರ ಮೇಲೇ ಕೂರ್ತೀವಿ. ನೀರಿಗೆ ಬಿದ್ದ ಮೇಲೆ ಜಾಕೆಟ್ ಹಾಕಿಕೊಳ್ಳೋಕೆ ಈಜು ಬರೋನಿಗೇ ಆಗೋದಿಲ್ಲ. ಈಜು ಬಾರದ ನಮ್ಮ ಮಾವನಿಗೆ ಆಗುತ್ತಾ?

ಇನ್ನು, "ದೇವರಿದ್ದಾನೆ, ಏನೂ ಆಗೋದಿಲ್ಲ" ಅನ್ನೋ ಮಾತು. ನಂಬಿಕೆಯನ್ನ ನಾನು ಅಣಕಿಸೋನಲ್ಲ. ಆದರೆ ಆ ದೇವರನ್ನ ನಮಗಿಂತ ಹೆಚ್ಚು ನಂಬಿದ ಮೀನುಗಾರ ಏನು ಮಾಡ್ತಾನೆ ನೋಡಿ. ಆಕಾಶ ನೋಡ್ತಾನೆ, ಗಾಳಿ ನೋಡ್ತಾನೆ, ನೀರಿನ ಬಣ್ಣ ನೋಡ್ತಾನೆ, ಆಮೇಲೆ ಕೈಮುಗಿದು ದೋಣಿ ತಳ್ತಾನೆ. ಕೈಮುಗಿದ ಮಾತ್ರಕ್ಕೆ ಉಳಿದದ್ದನ್ನ ಬಿಡೋದಿಲ್ಲ.

ಮಾವನಿಗೆ ನಾನು ಕೊಟ್ಟ ಉತ್ತರ ಈಗ ಹೇಳ್ತೀನಿ. ನೀವೂ ಕೇಳಿ, ಯಾವ ನೀರಿಗೆ ಹೋದರೂ ಕೆಲಸಕ್ಕೆ ಬರುತ್ತೆ.

ಒಂದು, ಬೆಳಗ್ಗೆ ಬೇಗ ಹೋಗಿ, ಮಧ್ಯಾಹ್ನದ ಗಾಳಿ ಏಳೋ ಮೊದಲೇ ಮರಳಿ ಬನ್ನಿ. ಹಿಂದಿನ ರಾತ್ರಿಯೇ ಕಾರವಾರದಲ್ಲಿ ಉಳಿದುಕೊಳ್ಳಿ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹನ್ನೊಂದು ಗಂಟೆಗೆ ದಡ ಮುಟ್ಟಿದರೆ ಮರಳೋದು ತಪ್ಪದೆ ಕೆಟ್ಟ ಹೊತ್ತಿನಲ್ಲೇ ಆಗುತ್ತೆ. ತಡವಾದರೆ ದಡದಲ್ಲಿ ನಿಂತೇ ಕೈಮುಗಿಯಿರಿ.

ಎರಡು, ದೋಣಿ ಹತ್ತೋ ಮೊದಲು ಒಂದೇ ಪ್ರಶ್ನೆ ಕೇಳಿ. "ಇದರಲ್ಲಿ ಎಷ್ಟು ಜನ ಕೂರಬಹುದು?" ಉತ್ತರ ಬಂದ ಮೇಲೆ ನೀವೇ ಎಣಿಸಿ. ಮಕ್ಕಳನ್ನೂ ಎಣಿಸಿ. ಮಗುವಿಗೆ ಟಿಕೆಟ್ ಇಲ್ಲದಿರಬಹುದು, ತೂಕ ಇದೆ.

ಮೂರು, ಜಾಕೆಟ್ ಹಾಕಿ, ಪಟ್ಟಿ ಕಟ್ಟಿ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ದೊಡ್ಡವರದನ್ನ ಹಾಕಿದರೆ ನೀರಿನಲ್ಲಿ ಜಾಕೆಟ್ ಮೇಲೆ ಹೋಗುತ್ತೆ, ಮಗು ಕೆಳಗೆ ಜಾರುತ್ತೆ. ಮಗುವಿನ ಅಳತೆಯ ಜಾಕೆಟ್ ಇಲ್ಲದಿದ್ದರೆ ಮಗು ದಡದಲ್ಲಿರಲಿ, ಜೊತೆಗೆ ಒಬ್ಬರು ಕೂರಿ.

ನಾಲ್ಕು, ದೋಣಿಯಲ್ಲಿ ಕೂತ ಮೇಲೆ ಏಳಬೇಡಿ. ನೀರು ಒಳಗೆ ಚಿಮ್ಮಿದರೂ ಏಳಬೇಡಿ. ಫೋಟೊ ಗುಡ್ಡದ ಮೇಲೆ ತೆಗೆಯಿರಿ, ಅಲ್ಲಿ ಚೆನ್ನಾಗಿ ಬರುತ್ತೆ.

ಐದು, ದೋಣಿಯವನು "ಈಗ ಬೇಡ, ಕಾಯಿರಿ" ಅಂದರೆ ಕಾಯಿರಿ. "ಜಾಗ ಇಲ್ಲ" ಅಂದರೆ ಮುಂದಿನ ದೋಣಿಗೆ ನಿಲ್ಲಿ. ಆ ಒಂದು ದಿನ ಆ ಮನುಷ್ಯನ ಮಾತು ನಿಮ್ಮೂರಿನ ಯಜಮಾನನ ಮಾತಿಗಿಂತ ದೊಡ್ಡದು.

ಆಡಳಿತಕ್ಕೂ ಒಂದು ಮಾತು. ದಡದಲ್ಲಿ ಒಂದು ದೊಡ್ಡ ಬೋರ್ಡು ಹಾಕಿ. ಇವತ್ತಿನ ಭರತ ಎಷ್ಟು ಗಂಟೆಗೆ, ಇಳಿತ ಎಷ್ಟು ಗಂಟೆಗೆ, ಕೊನೆಯ ದೋಣಿ ಎಷ್ಟು ಗಂಟೆಗೆ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಪ್ರತಿ ದೋಣಿಯ ಮೇಲೂ ಜನರ ಮಿತಿ ಬರೆಯಿಸಿ. ಬಯಲುಸೀಮೆಯಿಂದ ಬಂದವನಿಗೆ ಅಷ್ಟು ತಿಳಿಸೋಕೆ ಕೋಟಿ ರೂಪಾಯಿಯ ಯೋಜನೆ ಬೇಕಾಗಿಲ್ಲ.

ಇಷ್ಟನ್ನೂ ಕೇಳಿ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮ ಕಲ್ಯಾಣಿಯಾದ್ರೆ ಮೆಟ್ಟಿಲು ನೋಡ್ಕೊಂಡು ಇಳೀತೀವಿ. ಅಲ್ಲಿ ಮೆಟ್ಟಿಲು ಇಲ್ಲ ಅಂತೀಯ" ಅಂದರು. ಹೌದು ಮಾವ, ಕಲ್ಯಾಣಿ ಕಟ್ಟಿದ ಹೊಯ್ಸಳರ ಶಿಲ್ಪಿ ನೀರಿಗೆ ಇಳಿಯೋನು ವಾಪಸ್ ಹತ್ತೋದನ್ನೂ ಯೋಚನೆ ಮಾಡಿ ಕಲ್ಲು ಇಟ್ಟಿದ್ದ. ಕಡಲಿನಲ್ಲಿ ಆ ಯೋಚನೆ ನಾವೇ ಮಾಡಬೇಕು.

ನಮ್ಮ ಕಡೆ ಮನೆಯಿಂದ ಹೊರಡೋರು "ಹೋಗ್ತೀನಿ" ಅಂದರೆ ಅಜ್ಜಿಯರು ಬೈತಿದ್ದರು. "ಹೋಗಿ ಬರ್ತೀನಿ ಅನ್ನು" ಅಂತಿದ್ದರು. ಕಡಲಿನ ಜಾತ್ರೆಗೆ ಹೊರಟ ಎಲ್ಲರಿಗೂ ಅದೇ ಮಾತು. ಹೋಗಿ ಬನ್ನಿ.